ಯಾವ ಹತ್ತು ಗಂಟೆ?

ಮೊದಲ ದಿನ ಬೆಳಿಗ್ಗೆ ತಿಂಡಿಗೆ ಹೋದರೆ ಮೇಜು ಒರೆಸುತ್ತಿದ್ದರು. ನನ್ನ ಮೊಬೈಲಿನಲ್ಲಿ ಒಂಬತ್ತೂ ಮುಕ್ಕಾಲು. ತಿಂಡಿ ಹತ್ತೂವರೆ ತನಕ ಅಂತ ಹಿಂದಿನ ರಾತ್ರಿಯೇ ಎರಡು ಸಲ ಕೇಳಿ ಖಚಿತ ಮಾಡಿಕೊಂಡಿದ್ದೆ. ಬಡಿಸುವ ಹುಡುಗ ವಾದಕ್ಕೆ ಇಳಿಯಲಿಲ್ಲ. ಸುಮ್ನೆ ನಗುತ್ತಾ ಗೋಡೆಯ ಕಡೆ ಕೈ ತೋರಿಸಿದ. ಗೋಡೆಯ ಗಡಿಯಾರದಲ್ಲಿ ಹತ್ತೂ ಮುಕ್ಕಾಲು.

ಮಾಲ್ಡೀವ್ಸ್‌ನ ಎಷ್ಟೋ ರೆಸಾರ್ಟ್‌ಗಳು ತಮ್ಮದೇ ಒಂದು ಸಮಯ ಇಟ್ಟುಕೊಂಡಿವೆಯಂತೆ. ರಾಜಧಾನಿ ಮಾಲೆಯಲ್ಲಿ ಒಂಬತ್ತಾದರೆ ದ್ವೀಪದಲ್ಲಿ ಹತ್ತು. ನಡುವೆ ಇರುವುದು ಒಂದಿಷ್ಟು ನೀಲಿ ನೀರು, ಸ್ಪೀಡ್ ಬೋಟಿನಲ್ಲಿ ಮುಕ್ಕಾಲು ಗಂಟೆಯ ದಾರಿ. ಸುಮಾರು 1,190 ದ್ವೀಪಗಳಿರುವ ದೇಶ ಅದು. ಒಂದು ದ್ವೀಪಕ್ಕೆ ಒಂದೇ ರೆಸಾರ್ಟ್ ಅನ್ನೋದು ಅಲ್ಲಿ ನಡೆದುಬಂದ ರೂಢಿ. ಮರಳು ಅವರದು, ತೆಂಗಿನಮರ ಅವರದು, ಇನ್ನು ಗಡಿಯಾರ ಮಾತ್ರ ಯಾಕೆ ಸರ್ಕಾರದ್ದಾಗಿರಬೇಕು ಅಂತ ಅವರಿಗೆ ಅನಿಸಿರಬೇಕು.

ವಾರವಿಡೀ ಏನೂ ಮಾಡದೆ ಇರೋದು ಹೇಗೆ, ಅದರಿಂದ ನನಗೆ ಏನು ತಿಳಿಯಿತು ಅಂತ ಬರೆಯೋಕೆ ಕೂತಿದ್ದೇನೆ. ಅದಕ್ಕೆ ಮೊದಲು ಈ ಗಡಿಯಾರದ ಜಗಳ ಒಂದು ಮುಗಿಸಿಬಿಡುತ್ತೇನೆ.

ರಿಸೆಪ್ಷನ್ನಿನ ಹುಡುಗಿಯನ್ನು ಕೇಳಿದೆ. ಅತಿಥಿಗಳಿಗೆ ಸಂಜೆಯ ಬೆಳಕು ಒಂದು ಗಂಟೆ ಜಾಸ್ತಿ ಸಿಗಲಿ ಅಂತ ಈ ಏರ್ಪಾಡು ಅಂದಳು. ಸಮಭಾಜಕ ವೃತ್ತದ ಹತ್ತಿರದ ಊರುಗಳಲ್ಲಿ ವರ್ಷವಿಡೀ ಸಂಜೆ ಆರರ ಆಸುಪಾಸಿನಲ್ಲೇ ಸೂರ್ಯ ಮುಳುಗುತ್ತಾನೆ. ಗಡಿಯಾರ ಮುಂದೆ ತಿರುಗಿಸಿದರೆ ಏಳಕ್ಕೆ ಮುಳುಗಿದ ಹಾಗಾಯಿತು. ಹಾಗಾದರೆ ಬೆಳಿಗ್ಗೆಯ ಒಂದು ಗಂಟೆ ಬೆಳಕು ಕಡಿಮೆ ಆಯಿತಲ್ಲ, ಅದರ ಲೆಕ್ಕ ಎಲ್ಲಿ ಅಂದೆ. ಬೆಳಿಗ್ಗೆ ಎಲ್ಲರೂ ಮಲಗಿರುತ್ತಾರೆ ಮೇಡಂ ಅಂದಳು. ನಾನು ಮಲಗಿರೋದಿಲ್ಲ. ಮೂವತ್ತು ವರ್ಷದಿಂದ ಅಲಾರಂ ಹೊಡೆಯುವುದಕ್ಕೆ ಐದು ನಿಮಿಷ ಮೊದಲೇ ಎದ್ದು, ಅದು ಹೊಡೆಯುವುದನ್ನೇ ಕಾಯುವ ಜಾತಿ ನನ್ನದು. ನನಗೆ ಒಂದು ಗಂಟೆ ಯಾರೋ ಕೈಸಾಲ ತೆಗೆದುಕೊಂಡ ಹಾಗಾಯಿತು. ವಾಪಸ್ ಯಾವಾಗ ಅಂತ ಹೇಳುವವರಿಲ್ಲ.

ಅನ್ಯಾಯ ಏನೆಂದರೆ, ಸೂರ್ಯ ನನ್ನ ಕಡೆಗೇ ಇದ್ದ. ಮೊಬೈಲಿನಲ್ಲಿ ಹನ್ನೆರಡಾದಾಗ ನನ್ನ ನೆರಳು ಹೆಚ್ಚುಕಡಿಮೆ ಕಾಲಬುಡದಲ್ಲೇ ಇರುತ್ತಿತ್ತು. ಗೋಡೆ ಮಾತ್ರ ಒಂದು ಅನ್ನುತ್ತಿತ್ತು. ಆದರೂ ಊಟ, ತಿಂಡಿ, ಟೀ ಎಲ್ಲ ಗೋಡೆಯ ಪ್ರಕಾರ. ನನ್ನ ಮೊಬೈಲಿಗೆ ಆ ದ್ವೀಪದಲ್ಲಿ ಕವಡೆ ಕಾಸಿನ ಬೆಲೆಯಿರಲಿಲ್ಲ. (ಈ ಗಾದೆಯನ್ನು ಅಲ್ಲಿ ಆಡಬಾರದು. ಒಂದು ಕಾಲದಲ್ಲಿ ಅದೇ ದ್ವೀಪಗಳ ಕವಡೆ ಹಡಗು ತುಂಬಿ ಬಂಗಾಳಕ್ಕೆ ಹೋಗಿ, ಅಲ್ಲಿ ದುಡ್ಡಾಗಿ ಚಲಾವಣೆಯಾಗುತ್ತಿತ್ತು.)

ಇವರಿಗೆ ಇದ್ಯಾವುದೂ ತಟ್ಟಲಿಲ್ಲ. ಬಂದ ದಿನವೇ ವಾಚು ಬಿಚ್ಚಿ ಲಾಕರಿನಲ್ಲಿಟ್ಟು, "ಇನ್ನು ಏಳು ದಿನ ನಾನು ಗಂಟೆ ನೋಡಲ್ಲ" ಅಂತ ಘೋಷಿಸಿದರು. ನೋಡಲೂ ಇಲ್ಲ. ನೋಡುವ ಕೆಲಸ ನನ್ನ ತಲೆಗೆ ಬಂತಲ್ಲ! "ಊಟಕ್ಕೆ ಹೊತ್ತಾಯ್ತೇನೇ?" ಅಂತ ಮಲಗಿದಲ್ಲಿಂದಲೇ ಕೇಳುವುದು, ನಾನು ಮೊಬೈಲ್ ನೋಡಿ, ಒಂದು ಕೂಡಿಸಿ, ಹೇಳುವುದು. ಗಡಿಯಾರ ಬಿಟ್ಟವರ ಪಕ್ಕದಲ್ಲಿ ಯಾವಾಗಲೂ ಒಬ್ಬಳು ಹೆಂಡತಿ ಇರುತ್ತಾಳೆ. ಈ ಮಾತನ್ನು ಯಾವ ಜಾಹೀರಾತಿನಲ್ಲೂ ಹಾಕಿರುವುದಿಲ್ಲ.

ಎರಡನೇ ದಿನ ಈ ಕೂಡುವ ಲೆಕ್ಕ ಸಾಕಾಗಿ ಮೊಬೈಲಿನ ಗಡಿಯಾರವನ್ನೇ ಒಂದು ಗಂಟೆ ಮುಂದೆ ತಿರುಗಿಸಿಬಿಟ್ಟೆ. ಆಮೇಲೆ ಅದನ್ನು ಮರೆತೆ. ಮುಂದೆ ಗೊತ್ತಾಗುತ್ತೆ.

ಮೂರನೇ ದಿನದ ಬಗ್ಗೆ ಹೇಳುವಂಥದ್ದು ಜಾಸ್ತಿ ಇಲ್ಲ. ಕೋಣೆಯಲ್ಲಿ ಇಟ್ಟಿದ್ದ ಪುಸ್ತಿಕೆ ಓದಿ ಮುಗಿಸಿದೆ. ಇಲ್ಲಿನ ಬೆಳ್ಳನೆ ಮರಳಿನಲ್ಲಿ ದೊಡ್ಡ ಪಾಲು ಗಿಳಿಮೀನಿನ ಕೊಡುಗೆ ಅಂತ ಅದರಲ್ಲಿತ್ತು. ಗಿಳಿಯ ಕೊಕ್ಕಿನಂಥ ಹಲ್ಲಿನಿಂದ ಅದು ಹವಳದ ಮೇಲಿನ ಪಾಚಿ ಕೆರೆದು ತಿನ್ನುತ್ತದೆ. ಜೊತೆಗೆ ಹವಳದ ಚೂರೂ ಹೊಟ್ಟೆಗೆ ಹೋಗುತ್ತದೆ, ಅರೆದು ಪುಡಿಯಾಗಿ ಹಿಂದಿನಿಂದ ಬೀಳುತ್ತದೆ. ಇವರು ಆಗ ಮರಳಿನಲ್ಲಿ ಕೆನ್ನೆಯೂರಿ ಕವುಚಿ ಮಲಗಿದ್ದರು. ತಿಳಿದದ್ದನ್ನು ಮುಚ್ಚಿಡಬಾರದು ಅಂತ ಹೇಳಿದೆ. ಕಣ್ಣು ತೆರೆಯದೆ, "ಒಣಗಿದೆ ಬಿಡು" ಅಂದರು.

ನಾಲ್ಕನೇ ದಿನ ಸಂಜೆ ನಮ್ಮ ಕೋಣೆಯ ಮೆಟ್ಟಿಲ ಹತ್ತಿರ ಒಂದು ಖಾಲಿ ಚಿಪ್ಪು ಬಿದ್ದಿತ್ತು. ನಿಂಬೆಹಣ್ಣಿನಷ್ಟು ಗಾತ್ರ. ಬಾಯಿಯ ಅಂಚು ಎಲ್ಲೂ ಮುಕ್ಕಾಗಿರಲಿಲ್ಲ. ಎತ್ತಿಕೊಳ್ಳೋಣ ಅಂತ ಬಗ್ಗಿದೆ. ಅಷ್ಟರಲ್ಲಿ ಪಕ್ಕದಲ್ಲಿದ್ದ ಇನ್ನೊಂದು ಚಿಪ್ಪು ನಡೆದುಕೊಂಡು ಬಂತು.

ಸನ್ಯಾಸಿ ಏಡಿ. ಈ ಹೆಸರಿಟ್ಟವರು ಯಾರೋ, ಒಂದು ಸಂಜೆಯೂ ಅದರ ಜೊತೆ ಕಳೆದಿರಲಿಕ್ಕಿಲ್ಲ. ಮನೆಯದೊಂದು ಬಿಟ್ಟು ಬೇರೆ ಚಿಂತೆಯೇ ಇಲ್ಲದ ಪ್ರಾಣಿ ಅದು! ಹಿಂಭಾಗ ಮೆತ್ತಗೆ, ಗಟ್ಟಿ ಕವಚವಿಲ್ಲ. ಯಾವುದೋ ಬಸವನಹುಳು ಬಿಟ್ಟುಹೋದ ಚಿಪ್ಪಿನೊಳಗೆ ಆ ಭಾಗವನ್ನು ತುರುಕಿಕೊಂಡು ಬದುಕಬೇಕು. ತಾನು ಬೆಳೆಯುತ್ತದೆ, ಚಿಪ್ಪು ಬೆಳೆಯುವುದಿಲ್ಲ. ಇರೋ ತನಕ ಬಾಡಿಗೆ ಮನೆ ಹುಡುಕಾಟ. ಏನೂ ಸಿಗದೆ ಬಾಟಲಿಯ ಮುಚ್ಚಳದೊಳಗೆ ಸಂಸಾರ ಹೂಡಿದವೂ ಇವೆ.

ಈ ಏಡಿ ಖಾಲಿ ಚಿಪ್ಪಿನ ಸುತ್ತ ಒಂದು ಸುತ್ತು ಬಂತು. ಕೊಂಡಿಯನ್ನು ಒಳಗೆ ಹಾಕಿ ಅಳತೆ ನೋಡಿತು. ದೊಡ್ಡದಾಯಿತು ಅನಿಸಿರಬೇಕು. ಆದರೆ ಹೋಗಲಿಲ್ಲ, ಪಕ್ಕದಲ್ಲೇ ಕೂತಿತು. ಸ್ವಲ್ಪ ಹೊತ್ತಿಗೆ ಇನ್ನೊಂದು ಬಂತು, ಇದಕ್ಕಿಂತ ಸಣ್ಣದು. ಅದೂ ಕೂತಿತು. ಮೂರು, ನಾಲ್ಕು, ಐದು. ನೋಡನೋಡುತ್ತಿದ್ದ ಹಾಗೆ ದೊಡ್ಡದರ ಹಿಂದೆ ಚಿಕ್ಕದು, ಅದರ ಹಿಂದೆ ಇನ್ನೂ ಚಿಕ್ಕದು, ಒಂದರ ಚಿಪ್ಪನ್ನು ಇನ್ನೊಂದು ಹಿಡಿದುಕೊಂಡು ಸಾಲು ನಿಂತೇಬಿಟ್ಟವು. ಕೊನೆಯಲ್ಲಿದ್ದದ್ದು ಕಡಲೆಕಾಳಿನಷ್ಟಿತ್ತು. ಅದರ ಚಿಪ್ಪಿಗೆ ಒಂದು ಕಡೆ ತೂತು.

ಇದರ ಬಗ್ಗೆ ಹಿಂದೆ ಓದಿದ್ದೆ. ಖಾಲಿ ಮನೆಗೆ ಸರಿಯಾದ ಗಾತ್ರದ ಏಡಿ ಬರುವ ತನಕ ಎಲ್ಲವೂ ಕಾಯುತ್ತವೆ, ಗಂಟೆಗಟ್ಟಲೆ ಬೇಕಾದರೂ. ಅದು ಬಂದು ಹಾರಿ ಒಳಗೆ ಸೇರಿದ ತಕ್ಷಣ ಅದರ ಹಳೇ ಮನೆಗೆ ಎರಡನೆಯದು, ಎರಡನೆಯದರ ಮನೆಗೆ ಮೂರನೆಯದು. ಕೆಲವೇ ಸೆಕೆಂಡಿನಲ್ಲಿ ಇಡೀ ಸಾಲಿನ ವಿಳಾಸ ಬದಲು. ಕೊನೆಗೆ ಎಲ್ಲಕ್ಕಿಂತ ಚಿಕ್ಕ, ಎಲ್ಲಕ್ಕಿಂತ ಕೆಟ್ಟ ಚಿಪ್ಪು ಒಂದು ಮರಳಿನ ಮೇಲೆ ಉಳಿಯುತ್ತದೆ.

ಮೆಟ್ಟಿಲ ಮೇಲೆ ಕೂತೆ. ಕತ್ತಲಾಯಿತು. ಮೊಬೈಲಿನ ಬೆಳಕನ್ನು ಬೆರಳಲ್ಲಿ ಅರ್ಧ ಮುಚ್ಚಿ ಹಿಡಿದೆ. ಕೊನೆಗೂ ಬಂದರು ದೊಡ್ಡ ಯಜಮಾನರು. ಹಳೇ ಚಿಪ್ಪಿನಲ್ಲಿ ಮೈ ಹಿಡಿಸದೆ ಉಸಿರು ಕಟ್ಟುತ್ತಿದ್ದ ಹಾಗೆ ಕಾಣುತ್ತಿತ್ತು. ಆದರೂ ಆ ಬಿಗುಮಾನ ನೋಡಬೇಕಿತ್ತು. ಚಿಪ್ಪನ್ನು ಒಮ್ಮೆ ಮಗುಚಿತು. ಮತ್ತೆ ಸರಿ ಮಾಡಿತು. ಕೊಂಡಿ ಹಾಕಿ ಒಳಗಿನ ಮರಳು ಎತ್ತಿ ಹೊರಗೆ ಸುರಿಯಿತು. ಮತ್ತೆ ಮಗುಚಿತು. ಬಾಡಿಗೆ ಮನೆ ನೋಡೋಕೆ ಬಂದು, ಎಲ್ಲಾ ನಲ್ಲಿ ತಿರುಗಿಸಿ, ಎಲ್ಲಾ ಕಿಟಕಿ ತೆಗೆದು ಹಾಕಿ, "ಯೋಚನೆ ಮಾಡಿ ಹೇಳ್ತೀವಿ" ಅನ್ನುವವರಿರುತ್ತಾರಲ್ಲ, ಅದೇ ಪೈಕಿ. ಹಿಂದೆ ಏಳು ಜನ ಕಾಯುತ್ತಿದ್ದಾರೆ ಅನ್ನುವ ಪರಿವೆಯಿಲ್ಲ. "ಹೋಗ್ರೀ ಒಳಗೆ, ಸಾಕು" ಅಂತ ಗದರಿಸಿಯೇಬಿಟ್ಟೆ. ಪಕ್ಕದ ಕೋಣೆಯ ದಂಪತಿ ಎದ್ದು ಒಳಗೆ ಹೋದರು. ಏಡಿ ಹೋಗಲಿಲ್ಲ.

ಅಷ್ಟರಲ್ಲಿ ಮೊಬೈಲು ನೋಡಿದೆ. ಊಟ ಮುಗಿಯೋಕೆ ಇಪ್ಪತ್ತೈದು ನಿಮಿಷ. ತಿಂಡಿ ತಪ್ಪಿಸಿಕೊಂಡ ನೆನಪು ಇನ್ನೂ ಹಸಿಯಾಗಿತ್ತು. ಎದ್ದೆ, ಕೂತೆ, ಮತ್ತೆ ಎದ್ದೆ. ಹೋದೆ.

ಇವರು ಅದೆಲ್ಲೋ ತಿರುಗಾಡಲು ಹೋದವರು ನಾನು ಊಟ ಅರ್ಧ ಮುಗಿಸಿದ ಮೇಲೆ ಕೈ ಬೀಸಿಕೊಂಡು ಬಂದರು. ತಟ್ಟೆ ತುಂಬಿಸಿಕೊಂಡು ಕೂತು, ನೀರು ಕುಡಿದು, "ಅಲ್ಲೇನೋ ಮೆಟ್ಟಿಲ ಹತ್ತಿರ ಏಡಿಗಳೆಲ್ಲ ಒಂದೇ ಸಲ ಚಿಪ್ಪು ಬದಲಾಯಿಸಿದ್ವು ಕಣೇ, ತಮಾಷೆಯಾಗಿತ್ತು" ಅಂದರು.

ನನ್ನ ಕೈ ತುತ್ತು ಹಿಡಿದಲ್ಲೇ ನಿಂತಿತು. "ನೀವು ಎಷ್ಟು ಹೊತ್ತು ಕಾದ್ರಿ?"

"ಕಾಯೋದೇನು? ಬರ್ತಾ ಇದ್ದೆ, ಆಯ್ತು."

"ಕೊನೆಯ ಪುಟ್ಟದಕ್ಕೆ ಮನೆ ಸಿಕ್ತಾ? ತೂತು ಇತ್ತಲ್ಲ, ಅದಕ್ಕೆ?"

"ಪುಟ್ಟದು ಯಾವುದು? ನಾನು ನೋಡ್ಲಿಲ್ಲ. ಹಸಿವಾಗಿತ್ತು."

ಇಪ್ಪತ್ತಾರು ವರ್ಷದ ದಾಂಪತ್ಯದಲ್ಲಿ ನಾನು ಕೆಲವು ಸಲ ಮಾತು ಬಿಟ್ಟಿದ್ದೇನೆ. ಪ್ರತಿ ಸಲವೂ ದೊಡ್ಡವರಿಗೆ ಹೇಳಬಹುದಾದ ಕಾರಣ ಇರುತ್ತಿತ್ತು. ಈ ಸಲ ಏಡಿಗೋಸ್ಕರ ಬಿಟ್ಟೆ. ಊಟ ಮುಗಿಸಿ ಹೋಗಿ ನೋಡಿದರೆ ಮರಳಿನ ಮೇಲೆ ಬರೀ ಗೆರೆಗಳು. ಖಾಲಿ ಚಿಪ್ಪು ಎಲ್ಲೂ ಸಿಗಲಿಲ್ಲ. ಬೆಳಿಗ್ಗೆ ಹುಡುಕೋಣ ಅಂದರೆ, ನಾನು ಏಳುವಷ್ಟರಲ್ಲಿ ಹಲ್ಲುಕೋಲು ಹಿಡಿದವನು ಬಂದು ದಂಡೆಯನ್ನೆಲ್ಲ ನೀಟಾಗಿ ಬಾಚಿ ಹೋಗಿದ್ದ.

ಐದು ಮತ್ತು ಆರನೇ ದಿನ ಸಮುದ್ರ ನೋಡಿದೆವು. ಅದು ಚೆನ್ನಾಗಿಯೇ ಇತ್ತು. ಅಲ್ಲಿಯ ಹುಡುಗರು ತಮ್ಮ ಮರದ ದೋಣಿಗೆ ದೋಣಿ ಅಂತಲೇ ಅನ್ನುತ್ತಾರೆ. ದಿವೇಹಿ ಭಾಷೆಯಲ್ಲಿ ನನಗೆ ಅರ್ಥವಾದ ಒಂದೇ ಪದ. ಅದನ್ನೇ ಹಿಡಿದುಕೊಂಡು ಒಬ್ಬನ ಜೊತೆ ಹತ್ತು ನಿಮಿಷ ಸ್ನೇಹ ಮಾಡಿದೆ. ಅವನಿಗೂ ಕೇಳಿದೆ, ನಿನ್ನ ಮನೆಯಲ್ಲಿ ಯಾವ ಗಂಟೆ ಅಂತ. ಊರಿಗೆ ಹೋದರೆ ಮಾಲೆಯ ಗಂಟೆ, ಇಲ್ಲಿ ಇಲ್ಲಿಯ ಗಂಟೆ ಅಂದ. ಇದರಲ್ಲಿ ಕಷ್ಟ ಏನಿದೆ ಅನ್ನುವ ಹಾಗೆ ನನ್ನನ್ನು ನೋಡಿದ.

ಹೊರಡುವ ಹಿಂದಿನ ರಾತ್ರಿ ಬಾಗಿಲ ಕೆಳಗೆ ಚೀಟಿ ಬಂತು. ಬೋಟು 9.30ಕ್ಕೆ. ಯಾವ ಒಂಬತ್ತೂವರೆ ಅಂತ ಬರೆದಿರಲಿಲ್ಲ. ಬರೆದಿದ್ದರೂ ನಾನು ನಂಬುತ್ತಿರಲಿಲ್ಲ. ಬೆಳಿಗ್ಗೆ ಮೊಬೈಲು ನೋಡಿದೆ, ಎಂಟೂವರೆ. ಒಂದು ಕೂಡಿಸಿದೆ. ಅಯ್ಯೋ, ಒಂಬತ್ತೂವರೆ ಆಗಿಹೋಯಿತು! ಅದೇ ಹೊತ್ತಿಗೆ ಇವರು ಲಾಕರಿನ ಮುಂದೆ ಕೂತು, "ನಂಬರ್ ಏನಿಟ್ಟಿದ್ದೆ?" ಅಂತ ತಲೆ ಕೆರೆಯುತ್ತಿದ್ದರು. ಒಬ್ಬ ಹುಡುಗ ಬಂದು ಅದೇನೋ ಯಂತ್ರ ಹಚ್ಚಿ ತೆಗೆದುಕೊಟ್ಟ. ಒಳಗೆ ವಾಚು ಪಾಪ ಭಾರತದ ಸಮಯ ತೋರಿಸುತ್ತಾ ಕೂತಿತ್ತು. ಮಾಲೆಗಿಂತ ಅರ್ಧ ಗಂಟೆ ಮುಂದೆ, ದ್ವೀಪಕ್ಕಿಂತ ಅರ್ಧ ಗಂಟೆ ಹಿಂದೆ. ಮೂರನೆಯದೊಂದು ಬೇರೆ! ಯಾವುದನ್ನೂ ಕೇಳದೆ ಇವರ ಕೈ ಹಿಡಿದು ಜೆಟ್ಟಿಗೆ ಓಡಿದೆ.

ಜೆಟ್ಟಿಯಲ್ಲಿ ಯಾರೂ ಇಲ್ಲ. ಹಗ್ಗ ಸುತ್ತುತ್ತಿದ್ದ ಒಬ್ಬಾತ ಎರಡು ಬೆರಳು ತೋರಿಸಿದ. ಇನ್ನೂ ಎರಡು ಗಂಟೆ. ಬೋಟು ಮಾಲೆಯ ಗಂಟೆಯ ಪ್ರಕಾರವಂತೆ. ಮೊಬೈಲನ್ನು ಮೊದಲೇ ಮುಂದೆ ತಿರುಗಿಸಿದ್ದು ಆಗ ನೆನಪಾಯಿತು. ಇವರು ಒಂದು ಮಾತೂ ಆಡಲಿಲ್ಲ. ಸೂಟ್‌ಕೇಸಿಗೆ ತಲೆಯಾನಿಸಿ ಮಲಗಿದರು. ಆ ಮೌನ ನನಗೆ ಬೈಗುಳಕ್ಕಿಂತ ಜಾಸ್ತಿ ನಾಟಿತು. ಪಕ್ಕದ ಕಲ್ಲಿನ ಮೇಲೆ ಒಂದು ಬೂದು ಬಕ ಒಂಟಿಕಾಲಿನಲ್ಲಿ ನಿಂತಿತ್ತು. ಅದಕ್ಕೂ ಯಾವ ಅವಸರವೂ ಇದ್ದ ಹಾಗಿರಲಿಲ್ಲ.

ವಿಶ್ರಾಂತಿಯ ಬಗ್ಗೆ ಬರೆಯುತ್ತೇನೆ ಅಂದಿದ್ದೆ. ಆ ಎರಡು ಗಂಟೆಯಲ್ಲಿ ಏನೋ ಒಂದು ಹೊಳೆದ ಹಾಗೂ ಆಗಿತ್ತು. ಬೋಟಿನ ಸದ್ದಿಗೆ ಮರೆತುಹೋಯಿತು.

ಮಾಲೆಯ ವಿಮಾನ ನಿಲ್ದಾಣ ತಲುಪಿದಾಗ ಮೊಬೈಲನ್ನು ಸರಿ ಮಾಡಿದೆ. ಅದೂ ಗೋಡೆಯೂ ಕೊನೆಗೆ ಒಂದೇ ಮಾತು ಹೇಳಿದವು. "ನೋಡ್ರೀ, ನನ್ನ ಒಂದು ಗಂಟೆ ವಾಪಸ್ ಬಂತು" ಅಂದೆ. ಏಳು ದಿನದಲ್ಲಿ ಮೊದಲ ಸಲ ನಿರಾಳವಾಗಿ ಕುರ್ಚಿಗೆ ಒರಗಿದೆ. ಆಗ ಎದುರಿನ ಬೋರ್ಡಿನಲ್ಲಿ ಅಕ್ಷರ ಬದಲಾಯಿತು. ನಮ್ಮ ವಿಮಾನ ಐವತ್ತು ನಿಮಿಷ ತಡ.

ಇವರು ಬೋರ್ಡು ನೋಡಿದರು. ಕೈಯಲ್ಲಿದ್ದ ವಾಚು ನೋಡಿದರು. "ಐವತ್ತು ಹೋಯ್ತು. ಹತ್ತು ನಿಮಿಷ ನಿನ್ನ ಹತ್ರಾನೇ ಉಳೀತು, ಅಲ್ವಾ?" ಅಂದು ಕಣ್ಣು ಮುಚ್ಚಿದರು.