ಕೇಳಿದ್ದಕ್ಕೆಲ್ಲ ಒಂದೇ ಉತ್ತರ: ಫಾರ್ಮ್ಯಾಟ್!

ಈ ಮುಂಬೈಯ ಗಲ್ಲಿಗಲ್ಲಿಯ ಕಂಪ್ಯೂಟರ್ ರಿಪೇರಿಯವರಿಗೆ ಗೊತ್ತಿರುವ ಮದ್ದು ಒಂದೇ: ಡ್ರೈವ್‌ನಲ್ಲಿದ್ದದ್ದನ್ನೆಲ್ಲ ಅಳಿಸಿ ವಿಂಡೋಸ್ ಹೊಸದಾಗಿ ಹಾಕುವುದು, ಅಂದರೆ ಫಾರ್ಮ್ಯಾಟ್. ಪ್ರಿಂಟರ್ ಓಡ್ತಿಲ್ವಾ? ಫಾರ್ಮ್ಯಾಟ್. ತುಂಬಾ ನಿಧಾನವಾ? ಫಾರ್ಮ್ಯಾಟ್. ನೀಲಿ ಪರದೆ ಬಂತಾ? ಕೇಳಲೇಬೇಡಿ. "ಫಾರ್ಮ್ಯಾಟ್ ಮಾರ್ನಾ ಪಡೇಗಾ ಸಾಬ್." ಸ್ವಿಚ್ ಕೂಡ ಹಾಕಿರುವುದಿಲ್ಲ, ತೀರ್ಪು ಬಂದಾಗಿರುತ್ತದೆ.

ನನ್ನದು ಡೊಂಬಿವಲಿಯಲ್ಲಿ ಸಣ್ಣ ಡಿಟಿಪಿ ಕೆಲಸ, ಅಂದರೆ ಕಂಪ್ಯೂಟರಿನಲ್ಲಿ ಅಚ್ಚಿಗೆ ಪುಟ ಕಟ್ಟುವುದು. ಇಲ್ಲಿನ ಕನ್ನಡದವರ ಮದುವೆ ಕಾಗದ, ಗೃಹಪ್ರವೇಶದ ಕಾರ್ಡ್, ಸಂಘದ ಸ್ಮರಣ ಸಂಚಿಕೆ, ಹೀಗೆ. ಮಳೆಗಾಲ ಶುರುವಾದ ಮೇಲೆ ಕಂಪ್ಯೂಟರ್ ಇದ್ದಕ್ಕಿದ್ದಂತೆ ನಿಂತುಹೋಗತೊಡಗಿತು. ಪುಟ ಕಟ್ಟುತ್ತಾ ಕೂತಿದ್ದಾಗಲೇ ನೀಲಿ ಪರದೆ, ಅದರಲ್ಲೊಂದು ಅಳುಮೋರೆ, ಕೆಳಗೆ 'ಮೆಮೊರಿ ಮ್ಯಾನೇಜ್‌ಮೆಂಟ್' ಅನ್ನುವ ಸ್ಟಾಪ್ ಕೋಡ್ (ಯಾಕೆ ನಿಂತಿತು ಅನ್ನುವ ಸುಳಿವು). ಅದರ ಫೋಟೊ ತೆಗೆದುಕೊಂಡು ಅಂಗಡಿಗೆ ಹೋದೆ. ರ‍್ಯಾಮ್ (ಕಂಪ್ಯೂಟರಿನ ತಾತ್ಕಾಲಿಕ ನೆನಪಿನ ಪಟ್ಟಿ) ಇರಬಹುದು, ಮೊದಲು ಅದನ್ನು ನೋಡಪ್ಪ, ನನ್ನ ಕೇಳದೆ ಫಾರ್ಮ್ಯಾಟ್ ಮಾಡಬೇಡ ಅಂತ ಚೀಟಿ ಬರೆದು ಅಂಟಿಸಿ ಬಂದೆ. ಹುಡುಗ ಫೋಟೊ ಕಡೆ ಕಣ್ಣೂ ಹಾಯಿಸಲಿಲ್ಲ. ಸಂಜೆ ಹೋದರೆ ಫಾರ್ಮ್ಯಾಟ್ ಆಗಿತ್ತು. ಚೀಟಿ ಹಾಗೇ ಅಂಟಿಕೊಂಡಿತ್ತು!

"ಡಿ ಡ್ರೈವ್ ಸೇಫ್ ಹೈ" ಅಂದ, ದೊಡ್ಡ ಉಪಕಾರ ಮಾಡಿದವನ ಹಾಗೆ. ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಫಾಂಟು ಎಲ್ಲ ಇರುವುದು ಅವನು ಅಳಿಸಿದ ಸಿ ಡ್ರೈವಿನಲ್ಲೇ ಅಲ್ವಾ? ಮನೆಗೆ ತಂದು ಸಂಚಿಕೆಯ ಫೈಲ್ ತೆರೆದೆ. ಅಧ್ಯಕ್ಷರ ಮಾತು ಇರಬೇಕಾದ ಕಡೆ ಚುಕ್ಕಿ, ಗೀರು ಹೊತ್ತ ಇಂಗ್ಲಿಷ್ ಅಕ್ಷರಗಳ ಸಾಲು. ನುಡಿ ಫಾಂಟ್ ಹೋಗಿತ್ತು. ಹಳೆಯ ನುಡಿ ಯೂನಿಕೋಡ್ (ಪ್ರತಿ ಭಾಷೆಯ ಅಕ್ಷರಕ್ಕೂ ತನ್ನದೇ ಸಂಖ್ಯೆ ಕೊಡುವ ಪದ್ಧತಿ) ಅಲ್ಲ. ಇಂಗ್ಲಿಷ್ ಅಕ್ಷರಗಳ ಜಾಗದಲ್ಲೇ ಕನ್ನಡದ ಆಕಾರ ಕೂರಿಸಿರುವ ಫಾಂಟ್ ಅದು. ಅದಿಲ್ಲದಿದ್ದರೆ ಕನ್ನಡವೇ ಕಾಣಿಸುವುದಿಲ್ಲ. ಫೋನ್ ಮಾಡಿದರೆ "ಆಪ್ಕಾ ಫೈಲ್ ಕರಪ್ಟ್ ಹೈ" ಅಂತಾನೆ!

ಹೊಟ್ಟೆ ಜಾಸ್ತಿ ಉರಿಯುವುದು ಮುಂದಿನ ವಿಷಯಕ್ಕೆ. ನೀಲಿ ಪರದೆ ಬಂದಾಗ ವಿಂಡೋಸ್ ಸಾಮಾನ್ಯವಾಗಿ ತನ್ನದೇ ಫೋಲ್ಡರಿನೊಳಗಿನ 'ಮಿನಿಡಂಪ್'ನಲ್ಲಿ ಒಂದು ಸಣ್ಣ ಫೈಲ್ ಬಿಟ್ಟಿರುತ್ತದೆ. ಯಾವಾಗ ನಿಂತಿತು, ಆಗ ಯಾವ ಡ್ರೈವರ್ (ಬಿಡಿಭಾಗಗಳನ್ನು ನಡೆಸುವ ಸಾಫ್ಟ್‌ವೇರ್) ಓಡುತ್ತಿತ್ತು ಅನ್ನುವ ಸುಳಿವು ಅದರಲ್ಲಿ ಸಿಗುತ್ತದೆ. ವಿಂಡೋಸ್‌ನಲ್ಲೇ ಇರುವ 'ರಿಲಯಬಿಲಿಟಿ ಮಾನಿಟರ್' ತೆರೆದರೆ ಯಾವ ದಿನ ಏನು ಕೆಟ್ಟಿತು ಅನ್ನುವ ಲೆಕ್ಕವೇ ಇರುತ್ತದೆ, ಕೆಂಪು ಗುರುತಿನ ಸಮೇತ. ಸಿ ಡ್ರೈವ್ ಫಾರ್ಮ್ಯಾಟ್ ಮಾಡಿದರೆ ಇದೆಲ್ಲ ಗೋವಿಂದ. ಕಳ್ಳತನವಾದ ಮನೆಯನ್ನು ಪೊಲೀಸರು ಬರುವ ಮೊದಲೇ ಗುಡಿಸಿ ಸಾರಿಸಿದ ಹಾಗೆ.

ಹೋಗಲಿ, ವಾಸಿಯಾದರೂ ಆಯ್ತಾ? ಹೊಸ ವಿಂಡೋಸ್ ಮೇಲೆ ಅದೇ ನೀಲಿ ಪರದೆ, ಅದೇ ಕೋಡ್. ಈ ಸಲ ಹುಡುಗನ ರಾಗ ಬದಲಾಯಿತು. ಮದರ್‌ಬೋರ್ಡ್ ಹೋಗಿದೆಯಂತೆ. ವಿಂಡೋಸ್ 10 ಕೂಡ ಬಂದ್ ಆಗಿದೆಯಂತೆ, ಹೊಸದೇ ತಗೊಳ್ಳಬೇಕಂತೆ. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದದ್ದು ನಿಜ. ಮಾಮೂಲಿ ಅಪ್‌ಡೇಟ್ ನಿಂತಿದ್ದಕ್ಕೂ ರ‍್ಯಾಮ್ ಕೈಕೊಡುವುದಕ್ಕೂ ಏನು ಸಂಬಂಧ?

ಮುಂಬೈಯ ಕಂಪ್ಯೂಟರ್ ಸಾಮಾನಿನ ಪೇಟೆ ಲ್ಯಾಮಿಂಗ್ಟನ್ ರೋಡಿಗೆ ಒಯ್ಯಿರಿ, ಅಲ್ಲಿ ಬಲ್ಲವರಿದ್ದಾರೆ ಅಂತ ಗೆಳೆಯರ ಸಲಹೆ. ಡೊಂಬಿವಲಿ ಲೋಕಲ್‌ನಲ್ಲಿ ಬೆಳಗ್ಗೆ ಕೈಗೆ ಬ್ಯಾಗ್ ಹಿಡಿದು ನಿಲ್ಲುವುದೇ ಕಷ್ಟ. ಸಿಪಿಯು ಹೊತ್ತು, ಮಳೆಯಲ್ಲಿ, ದಾದರಿನಲ್ಲಿ ಇಳಿದು ಗ್ರಾಂಟ್ ರೋಡ್ ಗಾಡಿ ಹತ್ತಬೇಕಂತೆ!

ಕೊನೆಗೆ ನಾನೇ ಕೂತೆ. 'ವಿಂಡೋಸ್ ಮೆಮೊರಿ ಡಯಾಗ್ನಾಸ್ಟಿಕ್' ವಿಂಡೋಸ್ ಜೊತೆಗೇ ಬರುತ್ತದೆ, ಪೈಸೆ ಖರ್ಚಿಲ್ಲ. ಓಡಿಸಿದೆ. ಹಾರ್ಡ್‌ವೇರ್ ತೊಂದರೆ ಇದೆ ಅಂತ ತಾನೇ ಹೇಳಿತು. ಪ್ಲಗ್ ಕಿತ್ತು ರ‍್ಯಾಮ್ ಹೊರಗೆ ತೆಗೆದರೆ, ಹೊನ್ನಬಣ್ಣದ ಹಲ್ಲುಗಳ ಮೇಲೆ ಮಂಕು ಕಲೆ. ಮಗಳ ಕಂಪಾಸ್ ಬಾಕ್ಸಿನ ರಬ್ಬರಿನಿಂದ ಮೆಲ್ಲಗೆ ಉಜ್ಜಿದೆ (ಜೋರಾಗಿ ಉಜ್ಜಿದರೆ ಲೇಪವೇ ಕಿತ್ತುಬರುತ್ತದೆ). ಪುಡಿ ಒರೆಸಿ, ಕ್ಲಿಪ್ ಟಕ್ ಅನ್ನುವ ತನಕ ಒತ್ತಿ ಕೂರಿಸಿದೆ. ಮತ್ತೆ ಟೆಸ್ಟ್ ಮಾಡಿದರೆ ಒಂದೂ ತಪ್ಪಿಲ್ಲ. ಆಮೇಲೆ ನೀಲಿ ಪರದೆ ಬಂದಿಲ್ಲ.

ಬ್ಯಾಕಪ್ ಇರಲಿಲ್ವಾ ಅಂತ ಬುದ್ಧಿ ಹೇಳಲು ಬರುವವರೇ, ಇತ್ತು. ಆದರೂ ಫಾಂಟ್ ಹಾಕಿ, ಪ್ರಿಂಟರ್ ಡ್ರೈವರ್ ಹುಡುಕಿ, ಪುಟಪುಟವನ್ನೂ ಮತ್ತೆ ತಿದ್ದಿ ಕೂತವನು ನಾನು. ಸಂಘದವರ ಬೈಗುಳ ತಿಂದವನೂ ನಾನೇ.

ದುಡ್ಡು ವಾಪಸ್ ಕೇಳಿದೆ. "ಸರ್ವಿಸ್ ತೋ ಕಿಯಾ ನಾ" ಅಂದ. ಹಾಗಾದ್ರೆ ಏನು ಕೆಟ್ಟಿತ್ತು ಅಂತ ಬಿಲ್ ಮೇಲೆ ಬರೆದುಕೊಡು ಅಂದೆ. ಬರೆದ: ಸಾಫ್ಟ್‌ವೇರ್ ಪ್ರಾಬ್ಲಮ್. ರ‍್ಯಾಮ್ ಸಾಫ್ಟ್‌ವೇರ್ ಆಗಿದ್ದು ಯಾವಾಗಿನಿಂದ ಮಾರಾಯ?