ಶ್ರೀ ಟೆಂಪ್ಲೇಟ್ ಪ್ರಸನ್ನ

ತಾಂತ್ರಿಕ ದಾಖಲೆ ಬರೆಯುವವರ ಕಷ್ಟ ಹೊರಗಿನವರಿಗೆ ತಿಳಿಯದು. ಯಂತ್ರವನ್ನು ಹೇಗೆ ನಿಲ್ಲಿಸಬೇಕು ಎಂದು ನಾಲ್ಕು ಸಾಲು ಬರೆಯಲು ಅರ್ಧ ಗಂಟೆ ಸಾಕು. ಆ ನಾಲ್ಕು ಸಾಲನ್ನು ಟೆಂಪ್ಲೇಟ್ ಎಂಬ ಸಿದ್ಧ ಪುಟಮಾದರಿಯೊಳಗೆ ಕೂರಿಸಲು ವಾರವೂ ಸಾಲದು. ಲಾಂಛನ ಎಡಕ್ಕಿರಬೇಕೇ ಬಲಕ್ಕಿರಬೇಕೇ, ಶೀರ್ಷಿಕೆಯ ನೀಲಿ ಸಂಸ್ಥೆಯ ಅಧಿಕೃತ ನೀಲಿಯೇ ಅಥವಾ ಅದರ ದಾಯಾದಿಯೇ, ಅಡಿಟಿಪ್ಪಣಿಯ ಮೇಲಿನ ಗೆರೆ ಎಷ್ಟು ದಪ್ಪವಿರಬೇಕು, ಇವೆಲ್ಲ ಸಭೆ ಸೇರಿ ತೀರ್ಮಾನಿಸಬೇಕಾದ ಘನ ವಿಷಯಗಳು. ಯಂತ್ರ ನಿಲ್ಲಿಸುವ ಕ್ರಮ ಸರಿಯಿದೆಯೇ ಎಂದು ಕೇಳುವ ಸಭೆಯ ದಿನಾಂಕ ಇನ್ನೂ ನಿಗದಿಯಾಗಿಲ್ಲ.

ಹೀಗೆ ಹುಟ್ಟಿದ ಕೈಪಿಡಿಯ ಒಂದು ಪುಟವನ್ನು ಹತ್ತಿರದಿಂದ ನೋಡಿ. ಮೇಲಿನ ಕಾಲುಭಾಗ ಪೆಟ್ಟಿಗೆಗಳ ಪಾಲು: ದಾಖಲೆ ಸಂಖ್ಯೆ, ಪರಿಷ್ಕರಣೆ ಸಂಖ್ಯೆ, ಸಿದ್ಧಪಡಿಸಿದವರು, ಪರಿಶೀಲಿಸಿದವರು, ಅನುಮೋದಿಸಿದವರು. ಕೆಳಗಿನ ಭಾಗ ಗೌಪ್ಯತೆಯ ಘೋಷಣೆಗೆ ಮೀಸಲು. ನಡುವೆ ಉಳಿದ ಓಣಿಯಲ್ಲಿ ಏಳನೆಯ ಹಂತ: "ಮುಚ್ಚಳ ತೆರೆಯಿರಿ." ಪುಟ ಮಗುಚಿದರೆ, ದುಂಡು ಮೂಲೆಯ ಚೆಂದದ ಚೌಕಟ್ಟಿನಲ್ಲಿ: "ಎಚ್ಚರಿಕೆ! ಮುಚ್ಚಳ ತೆರೆಯುವ ಮುನ್ನ ವಿದ್ಯುತ್ ಸಂಪರ್ಕ ಕಡಿತಗೊಳಿಸಿ." ಓದುಗನಿಗೆ ಶಾಕ್ ಹೊಡೆಯಲಿ ಎಂದು ಯಾರೂ ಬಯಸಿದ್ದಲ್ಲ. ಆ ಚೌಕಟ್ಟನ್ನು ಮೊದಲೇ ಇಟ್ಟಿದ್ದರೆ ಪುಟದ ಕೊನೆಯಲ್ಲಿ ಒಂದೂವರೆ ಸಾಲು ಹೊರಕ್ಕೆ ಜೋತುಬೀಳುತ್ತಿತ್ತು, ಅಷ್ಟೇ. ಮುಂದಿನ ಪುಟದಲ್ಲಿ ಧಾರಾಳವಾಗಿ ಜಾಗವಿತ್ತು.

ಎಚ್ಚರಿಕೆಗೆ ಬಣ್ಣದ ಶಾಸ್ತ್ರವೂ ಉಂಟು. ಅಮೆರಿಕದ ಎಎನ್‌ಎಸ್‌ಐ ಜೆಡ್535 ಎಂಬ ಸುರಕ್ಷತಾ ಸೂಚನೆಗಳ ಮಾನದಂಡದಲ್ಲಿ, ತಪ್ಪಿಸಿಕೊಳ್ಳದಿದ್ದರೆ ಸಾವು ಅಥವಾ ಗಂಭೀರ ಗಾಯ ಖಚಿತ ಎನ್ನುವಲ್ಲಿ ಕೆಂಪು, ಸಂಭವಿಸಬಹುದು ಎನ್ನುವಲ್ಲಿ ಕಿತ್ತಳೆ, ಸಣ್ಣಪುಟ್ಟ ಗಾಯಕ್ಕೆ ಹಳದಿ. ಬಣ್ಣದ ಜೊತೆಗೆ 'ಅಪಾಯ', 'ಎಚ್ಚರಿಕೆ' ಎಂಬಂಥ ಪದವೂ ಇರಬೇಕೆಂದು ಅಲ್ಲಿಯೇ ಹೇಳಿದೆ. ನಮ್ಮ ವಿನ್ಯಾಸಕಾರರಿಗೆ ಹಿಡಿಸಿದ್ದು ಬಣ್ಣ ಮಾತ್ರ. ಪದ ಬಂದರೆ ಪುಟದ ನೋಟ ಕೆಡುತ್ತದಂತೆ. ಆಮೇಲೆ ಕೈಪಿಡಿ ಕಚೇರಿಯ ಕಪ್ಪು-ಬಿಳುಪು ಪ್ರಿಂಟರಿನಿಂದ ಹೊರಬರುತ್ತದೆ. ಸಾವು, ಸಾವಿನ ಸಾಧ್ಯತೆ, ತರಚು ಗಾಯ ಮೂರೂ ಒಂದೇ ಬೂದು. ಬಣ್ಣವೊಂದನ್ನೇ ನೆಚ್ಚಬೇಡಿ, ಅಕ್ಷರಕ್ಕೂ ಹಿನ್ನೆಲೆಗೂ ನಡುವೆ ಕನಿಷ್ಠ 4.5:1 ಅನುಪಾತದಷ್ಟು ಹೊಳಪಿನ ವ್ಯತ್ಯಾಸವಿರಲಿ ಎಂದು ಜಾಲಪುಟಗಳಿಗಾಗಿ ಮಾಡಿದ ಡಬ್ಲ್ಯುಸಿಎಜಿ ಮಾರ್ಗಸೂಚಿ ಹೇಳುತ್ತದೆ. ಆ ಮಾರ್ಗಸೂಚಿಯನ್ನೇ ಬಿಳಿ ಹಾಳೆಯ ಮೇಲೆ ತಿಳಿಬೂದು ಅಕ್ಷರದಲ್ಲಿ ಅಚ್ಚು ಹಾಕಿ ಹಂಚಿದವರಿದ್ದಾರೆ ಎಂದು ಯಾರಾದರೂ ಹೇಳಿದರೆ ನಾನು ಸಾಕ್ಷಿ ಕೇಳದೆ ನಂಬುತ್ತೇನೆ.

ಇಡೀ ಕೈಪಿಡಿಯಲ್ಲಿ ಸಲೀಸಾಗಿ ಓದಲು ಬರುವ ಪುಟ ಒಂದೇ. ಸುತ್ತ ಬೇಕಾದಷ್ಟು ಬಿಳಿ ಜಾಗ, ನಟ್ಟನಡುವೆ ಸ್ಪಷ್ಟವಾದ ಅಕ್ಷರಗಳಲ್ಲಿ: "ಈ ಪುಟವನ್ನು ಉದ್ದೇಶಪೂರ್ವಕವಾಗಿ ಖಾಲಿ ಬಿಡಲಾಗಿದೆ." ತೊಂದರೆಯೆಂದರೆ ಅದು ಸುಳ್ಳು. ಅಧ್ಯಾಯ ಬಲಬದಿಯ ಪುಟದಿಂದಲೇ ಶುರುವಾಗಬೇಕು ಎಂಬ ಮುದ್ರಣ ಕಾಲದ ಶಿಷ್ಟಾಚಾರ ಇದರ ಮೂಲ. ಮೊಬೈಲಿನ ಪರದೆಗೆ ಎಡಪುಟವೂ ಇಲ್ಲ, ಬಲಪುಟವೂ ಇಲ್ಲ. ಪಿಡಿಎಫ್ ಮಾತ್ರ ಇಂದಿಗೂ ವ್ರತಭಂಗ ಮಾಡಿಲ್ಲ.

ರೂಪದ ಮೇಲಿನ ಈ ಭಕ್ತಿ ಬರೆಯುವವರದಷ್ಟೇ ಅಲ್ಲ. 2012ರ ಜುಲೈ 4ರಂದು ಯುರೋಪಿನ ಕಣಭೌತ ಪ್ರಯೋಗಾಲಯ ಸರ್ನ್‌ನ ವಿಜ್ಞಾನಿಗಳು ಹಿಗ್ಸ್ ಬೋಸಾನ್ ಎಂಬ ಮೂಲಕಣವೇ ಎನ್ನಬಹುದಾದ ಕಣ ಸಿಕ್ಕಿತೆಂದು ಪ್ರಕಟಿಸಿದರು. 1964ರಲ್ಲಿ ಊಹಿಸಿದ ಕಣ, ಹತ್ತಿರಹತ್ತಿರ ಅರ್ಧ ಶತಮಾನದ ಹುಡುಕಾಟ. ಲೋಕದ ಒಂದು ಭಾಗ ಕಣ್ಣರಳಿಸಿತು. ಇನ್ನೊಂದು ಭಾಗ, ಸ್ಲೈಡುಗಳನ್ನು ಕಾಮಿಕ್ ಪುಸ್ತಕದ ಕೈಬರಹದಂತಿರುವ ಕಾಮಿಕ್ ಸ್ಯಾನ್ಸ್ ಫಾಂಟಿನಲ್ಲಿ ಬರೆದಿದ್ದಾರಲ್ಲ ಎಂದು ಹಣೆ ಚಚ್ಚಿಕೊಂಡಿತು. ಬ್ರಹ್ಮಾಂಡದ ಗುಟ್ಟು ಹೇಳುವುದಾದರೂ ಒಂದು ಮರ್ಯಾದೆ ಬೇಡವೇ?

ಮರ್ಯಾದಸ್ಥ ಫಾಂಟಿನ ಕಥೆಯನ್ನೂ ಹೇಳಬೇಕು. 2003ರ ಜನವರಿ 16ರಂದು ನಾಸಾದ ಕೊಲಂಬಿಯಾ ಬಾಹ್ಯಾಕಾಶ ನೌಕೆ ಮೇಲೇರುವಾಗ ಇಂಧನ ತೊಟ್ಟಿಯಿಂದ ಕಳಚಿದ ಫೋಮಿನ ತುಂಡೊಂದು ಎಡರೆಕ್ಕೆಗೆ ಬಡಿಯಿತು. ನೌಕೆ ಕಕ್ಷೆಯಲ್ಲಿರುವಾಗಲೇ ಎಂಜಿನಿಯರುಗಳು ಹಾನಿಯ ಅಂದಾಜನ್ನು ನಾಸಾ ಅಧಿಕಾರಿಗಳ ಮುಂದೆ ಸ್ಲೈಡುಗಳಲ್ಲಿಟ್ಟರು. ಅದರಲ್ಲೊಂದು ಸ್ಲೈಡಿನ ಶೀರ್ಷಿಕೆ ದೊಡ್ಡ ಅಕ್ಷರಗಳಲ್ಲಿ ಸಮಾಧಾನ ಹೇಳುತ್ತಿತ್ತು. ಕೆಳಗೆ ಬುಲೆಟ್, ಬುಲೆಟ್ಟಿನ ಮಡಿಲಲ್ಲಿ ಮರಿಬುಲೆಟ್, ಅದರ ಕಂಕುಳಲ್ಲಿ ಇನ್ನೊಂದು. ಎಲ್ಲಕ್ಕಿಂತ ತಳದಲ್ಲಿ, ಸಣ್ಣ ಅಕ್ಷರದಲ್ಲಿ, ಒಂದು ಸಂಗತಿ ಮುದುಡಿಕೊಂಡು ಕುಳಿತಿತ್ತು: ಆ ಸಮಾಧಾನಕ್ಕೆ ಆಧಾರವಾದ ಪರೀಕ್ಷೆಗೆ ಬಳಸಿದ ತುಂಡು 3 ಘನ ಅಂಗುಲ, ಬಡಿದ ತುಂಡಿನ ಅಂದಾಜು 1920 ಘನ ಅಂಗುಲ. 640 ಪಟ್ಟು. ಇಡೀ ಸ್ಲೈಡಿನಲ್ಲಿ ಕೂಗಿ ಹೇಳಬೇಕಾಗಿದ್ದ ಮಾತು ಇದೊಂದೇ. ಫೆಬ್ರುವರಿ 1ರಂದು ವಾತಾವರಣಕ್ಕೆ ಮರಳುವಾಗ ನೌಕೆ ಚೂರಾಗಿ ಏಳೂ ಮಂದಿ ಸತ್ತರು. ರೆಕ್ಕೆಯನ್ನು ಒಡೆದದ್ದು ಸ್ಲೈಡ್ ಅಲ್ಲ, ನಿಜ. ಆದರೆ ಅದನ್ನು ಓದಿದ ಹಿರಿಯ ಅಧಿಕಾರಿಗೆ ಇದು ಜೀವದ ಪ್ರಶ್ನೆ ಎಂದು ಹೊಳೆಯದಿರುವುದು ಸುಲಭವಾಗಿ ಅರ್ಥವಾಗುತ್ತದೆ ಎಂದು ತನಿಖಾ ಮಂಡಳಿ ಆಗಸ್ಟ್ ತಿಂಗಳ ವರದಿಯಲ್ಲಿ ಬರೆಯಿತು. ಆ ಸ್ಲೈಡನ್ನು ಎಳೆಎಳೆಯಾಗಿ ಬಿಡಿಸಿ ತೋರಿಸಿದವರು ಮಾಹಿತಿ ವಿನ್ಯಾಸದ ಪರಿಣತ ಎಡ್ವರ್ಡ್ ಟಫ್ಟಿ. ತಾಂತ್ರಿಕ ಪ್ರಬಂಧ ಬರೆಯಬೇಕಾದ ಕಡೆ ಪವರ್‌ಪಾಯಿಂಟ್ ತೋರಿಸುವ ಚಾಳಿ ನಾಸಾದಲ್ಲಿ ಬೇರೂರಿದೆ ಎಂದೂ ಮಂಡಳಿ ಛೀಮಾರಿ ಹಾಕಿತು. ಲೋಕ ಪಾಠ ಕಲಿಯದೇ ಇರಲಿಲ್ಲ. ಈಗ ಈ ದುರಂತವನ್ನು ತರಬೇತಿ ಕೊಠಡಿಗಳಲ್ಲಿ ಹೇಳಿಕೊಡುತ್ತಾರೆ. ಸ್ಲೈಡಿನಲ್ಲಿ, ಐದು ಬುಲೆಟ್ಟುಗಳಾಗಿ.

ಇನ್ನು ಚೌಕಟ್ಟಿಗೆ ತಲೆ ಸರಿಹೊಂದದಿದ್ದರೆ ತಲೆಯನ್ನೇ ಕೆತ್ತುವ ವಿದ್ಯೆ. ಸ್ಪ್ರೆಡ್‌ಶೀಟಿನ ಕೋಶದಲ್ಲಿ ಮಾರ್ಚ್1 ಎಂಬ ಜೀನಿನ (ವಂಶವಾಹಿಯ) ಹೆಸರು ಬರೆದು ಎಂಟರ್ ಒತ್ತಿದರೆ, ಎಕ್ಸೆಲ್ ಅದನ್ನು ಪ್ರೀತಿಯಿಂದ ಮಾರ್ಚ್ ತಿಂಗಳ ಒಂದನೆಯ ತಾರೀಕು ಮಾಡಿಕೊಡುತ್ತಿತ್ತು. ಸೆಪ್ಟ್1 ಎಂಬ ಜೀನಿಗೂ ಅದೇ ಗತಿ, ಅದು ಸೆಪ್ಟೆಂಬರ್. ಇಂಥ ಜೀನ್ ಪಟ್ಟಿಗಳನ್ನು ಎಕ್ಸೆಲ್ ಕಡತವಾಗಿ ಲಗತ್ತಿಸಿದ ಪ್ರಬಂಧಗಳಲ್ಲಿ ಸುಮಾರು ಐದಕ್ಕೊಂದರಲ್ಲಿ ಹೆಸರುಗಳು ಕೆಟ್ಟಿವೆ ಎಂದು 2016ರ ಅಧ್ಯಯನವೊಂದು ತೋರಿಸಿತು. ಈಗ ಯಾರು ಬಗ್ಗಬೇಕು? ಲಕ್ಷಾಂತರ ವರ್ಷಗಳಿಂದ ಜೀವಕೋಶದಲ್ಲಿರುವ ಜೀನೇ, ಕಂಪ್ಯೂಟರಿನ ಕೋಶವೇ? 2020ರಲ್ಲಿ, ಮಾನವ ಜೀನುಗಳಿಗೆ ಹೆಸರಿಡುವ ಅಂತರರಾಷ್ಟ್ರೀಯ ಸಮಿತಿ ಜೀನುಗಳ ಹೆಸರನ್ನೇ ಬದಲಿಸಿತು. ಮಾರ್ಚ್1 ಹೋಗಿ ಮಾರ್ಚ್‌ಎಫ್1, ಸೆಪ್ಟ್1 ಹೋಗಿ ಸೆಪ್ಟಿನ್1.

ನಾಮಕರಣವೆಲ್ಲ ಮುಗಿದ ಮೇಲೆ, 2023ರಲ್ಲಿ, ಬೇಡವಾದವರು ಹೆಸರನ್ನು ತಾರೀಕು ಮಾಡುವ ಎಕ್ಸೆಲ್ಲಿನ ಚಾಳಿಯನ್ನು ನಿಲ್ಲಿಸಿಕೊಳ್ಳಬಹುದು ಎಂದು ಮೈಕ್ರೋಸಾಫ್ಟ್ ಒಂದು ಆಯ್ಕೆ ಒದಗಿಸಿತು. ಅದನ್ನು ಹುಡುಕಿ ಗುರುತು ತೆಗೆಯುವ ಹೊಣೆ ಬಳಕೆದಾರರದು. ಜೀನುಗಳು ಹೊಸ ಹೆಸರಿನಲ್ಲೇ ಮುಂದುವರಿದಿವೆ. ಅವುಗಳ ಕಡೆಯಿಂದ ಈವರೆಗೆ ಯಾವ ಆಕ್ಷೇಪಣೆಯೂ ಸಲ್ಲಿಕೆಯಾಗಿಲ್ಲ.