ಹೆಂಡತಿಗೆ ಪರ್ಮಿಷನ್ ಇದೆ, ನನಗಿಲ್ಲ

ಜರ್ಮನಿಯಲ್ಲಿ ನಮ್ಮ ಮನೆಯ ಯಜಮಾನ ಯಾರು ಅನ್ನೋದನ್ನು ಸರ್ಕಾರವೇ ಬರೆದುಕೊಟ್ಟಿದೆ.

ನನ್ನದು ಬ್ಲೂ ಕಾರ್ಡ್, ಅಂದರೆ ಡಿಗ್ರಿ ಓದಿದ ವಿದೇಶಿಯರಿಗೆ ಕೊಡುವ ವಾಸ ಮತ್ತು ಕೆಲಸದ ಪರವಾನಗಿ. ಅದರ ಜೊತೆ ಒಂದು ಮಡಚಿದ ಕಾಗದ ಬಂದಿದೆ. ಅದರಲ್ಲಿ ಕಂಪನಿಯ ಹೆಸರು, ನನ್ನ ಹುದ್ದೆ. ಮೊದಲ 12 ತಿಂಗಳಲ್ಲಿ ಕೆಲಸ ಬದಲಿಸಿದರೆ ವಿದೇಶಿಯರ ಕಚೇರಿಗೆ ತಿಳಿಸಬೇಕು. ಅವರು ಬೇಡ ಅಂದರೂ ಅನ್ನಬಹುದು. ನನ್ನ ಹಿಂದೆ ಬಂದ ಹೆಂಡತಿಯ ಕಾರ್ಡಿನಲ್ಲಿ ಇಂಥ ರಗಳೆಯೇ ಇಲ್ಲ. ದುಡಿಯಲು ಅನುಮತಿ ಇದೆ, ಅಷ್ಟೇ. ನೌಕರಿಯಾದರೂ ಸರಿ, ಸ್ವಂತ ವ್ಯಾಪಾರವಾದರೂ ಸರಿ. ಬ್ಲೂ ಕಾರ್ಡಿನವನ ಹೆಂಡತಿ ಅಂತ, ಬರುವ ಮುಂಚಿನ ಜರ್ಮನ್ ಪರೀಕ್ಷೆಯೂ ಅವಳಿಗೆ ಮಾಫಿ. ಡಿಗ್ರಿ ಸರ್ಟಿಫಿಕೇಟು, ಬಾಡಿಗೆ ಮನೆಯವರ ಸಹಿ, ಇನ್ಶೂರೆನ್ಸ್ ಪತ್ರ ಅಂತ ಫೈಲ್ ಹಿಡಿದು ಅಲೆದವನು ನಾನು. ಇರಲಿ ಬಿಡಿ.

ಒಂದು ಶನಿವಾರ ಮೇಲಿನ ಮನೆಯ ಅಜ್ಜಿ ಬಾಗಿಲು ಬಡಿದರು. "ಹೆರ್ ತಿಪಟೂರು!" ಹೆರ್ ಅಂದರೆ ಶ್ರೀಯುತ. ಪಾಸ್‌ಪೋರ್ಟ್ ಮಾಡಿಸುವಾಗ ಸರ್‌ನೇಮ್ ಜಾಗದಲ್ಲಿ ಅಪ್ಪ ಊರಿನ ಹೆಸರು ಬರೆಸಿದ್ದರು. ಹಾಗಾಗಿ ಇಲ್ಲಿ ನನ್ನನ್ನು ಕರೆದಾಗೆಲ್ಲ ಇಡೀ ತಾಲ್ಲೂಕೇ ಎದ್ದು ನಿಲ್ಲಬೇಕು. ಕಾಲಿಂಗ್ ಬೆಲ್ ಮೇಲೂ ಅದೇ, ಟಪಾಲು ಡಬ್ಬದ ಮೇಲೂ ಅದೇ. ಅಲ್ಲಿ ಹೆಸರಿಲ್ಲದಿದ್ದರೆ ಸರ್ಕಾರದ ಕಾಗದವೂ ವಾಪಸ್ ಹೋಗುತ್ತದೆ.

ಅಜ್ಜಿ ಬಂದಿದ್ದು ಯೋಗಕ್ಕೆ. ಬಾಲ್ಕನಿಯಲ್ಲಿ ನಾನು ಸೂರ್ಯ ನಮಸ್ಕಾರ ಹಾಕೋದನ್ನು ನೋಡಿದ್ದಾರೆ. ಐದು ಜನ ಗೆಳತಿಯರಿದ್ದಾರಂತೆ, ದುಡ್ಡು ಕೊಟ್ಟು ಕಲಿಯುತ್ತಾರಂತೆ. ಪುಕ್ಕಟೆಯಾಗಿ ಮಾತ್ರ ಬೇಡ, ಅದು ಸರಿಯಲ್ಲ ಅಂದರು. ನನ್ನ ಬಾಯಲ್ಲಿ ನೀರೂರಿತು. ಅಷ್ಟರಲ್ಲಿ ಆ ಮಡಚಿದ ಕಾಗದ ನೆನಪಾಯಿತು. ಸ್ವಂತ ದುಡಿಮೆಗೆ ನಾನು ಮೊದಲು ಅದೇ ಕಚೇರಿಯ ಅಪ್ಪಣೆ ಪಡೆಯಬೇಕು. ಆ ಕಚೇರಿಯಲ್ಲಿ ಅಪಾಯಿಂಟ್‌ಮೆಂಟ್ ಸಿಗೋದೇ ಒಂದು ತಪಸ್ಸು.

"ನನ್ನ ಕಾರ್ಡಿಗೆ ಅದೆಲ್ಲ ಬೇಡ ಅಲ್ವಾ ರೀ?" ಅಡುಗೆಮನೆಯಿಂದ ದನಿ ಬಂತು.

ಬೇಡ, ನಿಜ. ತೆರಿಗೆ ಕಚೇರಿಯಲ್ಲಿ ಹೆಸರು ಬರೆಸಿದರೆ ಸಾಕು. ಆದರೆ ಅವಳಿಗೆ ಯೋಗ ಬರೋದಿಲ್ಲ. ಹಲ್ಲಿದ್ದವನಿಗೆ ಕಡಲೆ ಇಲ್ಲ, ಕಡಲೆ ಇದ್ದವಳಿಗೆ ಹಲ್ಲಿಲ್ಲ.

ಕಾಯಂ ವಾಸದ ಪರವಾನಗಿ ಸಿಕ್ಕರೆ ನನಗೂ ಈ ಕಟ್ಟು ಬಿಚ್ಚುತ್ತದೆ. ಜರ್ಮನ್ ಭಾಷೆಯಲ್ಲಿ ಬಿ1 ಅನ್ನೋ ಮಧ್ಯಮ ಹಂತ ಪಾಸಾದರೆ 21 ತಿಂಗಳಿಗೆ ಅರ್ಜಿ ಹಾಕಬಹುದು, ಎ1 ಅನ್ನೋ ಮೊದಲ ಹಂತ ಅಷ್ಟೇ ಆದರೆ 27. ನನ್ನ ಜರ್ಮನ್ ಕೇಳಿದವರೆಲ್ಲ 27 ಅಂತಲೇ ಹೇಳುತ್ತಾರೆ. ಅಜ್ಜಿಗೆ ಇದನ್ನೆಲ್ಲ ವಿವರಿಸಿದೆ. ಆಕೆಗೆ ಎಪ್ಪತ್ತೆಂಟು ವರ್ಷ. ಕನ್ನಡಕ ಹಾಕಿಕೊಂಡು ಡೈರಿ ತೆಗೆದು, ಮುಂದಿನ ವರ್ಷದ್ದು ಇನ್ನೂ ಕೊಂಡಿಲ್ಲ ಅಂದರು.

ಕೊನೆಗೆ ನನ್ನವಳೇ ದಾರಿ ಕಂಡುಕೊಂಡಳು. "ನೀವು ನನಗೆ ಕಲಿಸಿ, ನಾನು ಅವರಿಗೆ ಕಲಿಸ್ತೀನಿ. ಹೆಂಡತಿಗೆ ಕಲಿಸೋಕೆ ಯಾರ ಪರ್ಮಿಟ್ಟೂ ಬೇಡ."

ಶವಾಸನದಿಂದ ಶುರು ಮಾಡಿದ್ದೇವೆ. ಮೊದಲ ಪಾಠದಲ್ಲೇ ಗೊರಕೆ ಕೇಳಿಸಿತು.